ಬಿಸಿನೀರು ದಾರಿಯಲ್ಲೇ ಆರದಿರಲು: ಕೊಡಗಿನ ಮನೆಗೆ ಪೈಪು, ಹಂಡೆ, ಸೋಲಾರ್, ಗೀಸರ್

ಬೆಳಿಗ್ಗೆ ಯಾರೂ ಸ್ನಾನಕ್ಕೆ ಹೋಗುವ ಮೊದಲು ಬಚ್ಚಲುಮನೆಯ ಬಿಸಿನೀರಿನ ನಲ್ಲಿಯ ಕೆಳಗೆ ಖಾಲಿ ಬಕೆಟ್ ಇಟ್ಟು ನಲ್ಲಿ ತಿರುಗಿಸಿ. ಕೈಗೆ ಬಿಸಿ ತಾಗಿದ ಕೂಡಲೇ ನಿಲ್ಲಿಸಿ. ಬಕೆಟ್ಟಿಗೆ ಬಿದ್ದ ತಣ್ಣೀರನ್ನು ಲೀಟರ್ ಬಾಟಲಿಯಿಂದ ಅಳೆಯಿರಿ. ಒಂದು ಲೀಟರಿನೊಳಗಿದ್ದರೆ ಪೈಪಿನ ಗೋಜಿಗೆ ಹೋಗಬೇಡಿ. ಐದು ಲೀಟರ್ ಆಗಿದ್ದರೆ ಹೊಸ ಗೀಸರಿನ ಮಾತು ಆಮೇಲೆ, ಮೊದಲು ಪೈಪು ನೋಡಬೇಕು.

ಆ ಐದು ಲೀಟರ್ ನಿನ್ನೆ ರಾತ್ರಿ ಕಾಸಿದ ನೀರೇ. ಪೈಪಿನೊಳಗೆ ನಿಂತು ಆರಿಹೋಗಿದೆ, ಅಷ್ಟೆ. ಲೆಕ್ಕ ಸುಲಭ: ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊಕ್ಯಾಲರಿ ಬೇಕು, 860 ಕಿಲೊಕ್ಯಾಲರಿ ಸೇರಿದರೆ ಒಂದು ಯೂನಿಟ್ ಕರೆಂಟು. 18 ಡಿಗ್ರಿಯ ನೀರನ್ನು 50ಕ್ಕೆ ಕಾಸಿ, ಅದರಲ್ಲಿ ಐದು ಲೀಟರನ್ನು ಪೈಪಿನಲ್ಲಿ ಆರಲು ಬಿಟ್ಟರೆ ಒಂದು ಸಲಕ್ಕೆ 160 ಕಿಲೊಕ್ಯಾಲರಿ ಹೋಯಿತು. ದಿನಕ್ಕೆ ಆರು ಸಲ ಹೀಗಾದರೆ ಒಂದು ಯೂನಿಟ್ಟಿಗೂ ಮೇಲೆ, ತಿಂಗಳಿಗೆ ಮೂವತ್ಮೂರು ಯೂನಿಟ್ಟಿನಷ್ಟು. ಸೌದೆ ಉರಿಸುವವರಿಗೆ ಬಿಲ್ ಬರುವುದಿಲ್ಲ, ನಷ್ಟ ಮಾತ್ರ ಅಷ್ಟೇ.

ಎಷ್ಟು ದಪ್ಪದ ಪೈಪು

ಮನೆ ಕಟ್ಟುವಾಗ ‘ಎಲ್ಲಾ ಕಡೆ ಒಂದಿಂಚು ಹಾಕಿಬಿಡಿ, ನೀರು ಜೋರಾಗಿ ಬರ್ತದೆ’ ಅನ್ನುವವರು ಬಹಳ. ತಣ್ಣೀರಿಗೆ ಅದು ಸರಿಯಿರಬಹುದು, ಬಿಸಿನೀರಿಗೆ ದುಬಾರಿ. ದಪ್ಪ ಗೋಡೆಯ, ಅಂದರೆ ಎಸ್‌ಡಿಆರ್ 11ರ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪಿನ ಒಂದು ಮೀಟರ್ ಉದ್ದದಲ್ಲಿ ಹಿಡಿಯುವ ನೀರು ಹೀಗಿದೆ: ಅರ್ಧ ಇಂಚಿನಲ್ಲಿ 0.12 ಲೀಟರ್, ಮುಕ್ಕಾಲು ಇಂಚಿನಲ್ಲಿ 0.26, ಒಂದಿಂಚಿನಲ್ಲಿ 0.43. ಗೀಸರಿನಿಂದ ಹನ್ನೆರಡು ಮೀಟರ್ ದೂರದ ಬಚ್ಚಲಿಗೆ ಒಂದಿಂಚು ಹಾಕಿದರೆ ಐದು ಲೀಟರ್ ತಣ್ಣೀರು ಚೆಲ್ಲಬೇಕು. ಮುಕ್ಕಾಲಿಂಚಾದರೆ ಮೂರು, ಅರ್ಧ ಇಂಚಾದರೆ ಒಂದೂವರೆ.

ಹಾಗಾದರೆ ಎಲ್ಲಾ ಕಡೆ ಅರ್ಧ ಇಂಚೇ ಸಾಕೇ? ಸಾಲದು. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ನೀರು ಬರುವುದು ಮೇಲಿನ ಟ್ಯಾಂಕಿನಿಂದ, ಬರೇ ಎತ್ತರದ ಒತ್ತಡದಲ್ಲಿ. ಟ್ಯಾಂಕಿಗೂ ನಲ್ಲಿಗೂ ಮೂರು ಮೀಟರ್ ಅಂತರವಿದ್ದರೆ ಕೈಯಲ್ಲಿರುವ ಬಂಡವಾಳ ಆ ಮೂರು ಮೀಟರ್ ಮಾತ್ರ. ನಿಮಿಷಕ್ಕೆ ಆರು ಲೀಟರ್ ಹರಿಯುವಾಗ ಅರ್ಧ ಇಂಚಿನ ಪೈಪು ಪ್ರತಿ ಮೀಟರಿಗೆ ಸುಮಾರು ಏಳೂವರೆ ಸೆಂಟಿಮೀಟರ್ ಒತ್ತಡ ತಿನ್ನುತ್ತದೆ, ಮುಕ್ಕಾಲಿಂಚಿನದು ಒಂದು ಸೆಂಟಿಮೀಟರ್ ಚಿಲ್ಲರೆ. ಹನ್ನೆರಡು ಮೀಟರ್ ಅರ್ಧ ಇಂಚು ಎಳೆದರೆ ಪೈಪಿಗೇ 90 ಸೆಂಟಿಮೀಟರ್ ಹೋಯಿತು. ಎಲ್ಬೊ (ಪೈಪು ತಿರುಗಿಸುವ ಮೊಣಕೈ ತುಂಡು), ವಾಲ್ವ್‌ಗಳದ್ದು ಬೇರೆ. ಶವರಿಗೆ ಉಳಿಯುವುದು ಹನಿ ಮಳೆ.

ಆದ್ದರಿಂದ ಮುಖ್ಯ ಲೈನು ಮುಕ್ಕಾಲಿಂಚು, ಅದರಿಂದ ಪ್ರತಿ ನಲ್ಲಿಗೆ ಕೊನೆಯ ಎರಡು ಮೂರು ಮೀಟರ್ ಅರ್ಧ ಇಂಚು. ಒಂದಿಂಚು ಬೇಕಾಗುವುದು ಹೋಂಸ್ಟೇಯಂಥ ಕಡೆ, ಮೂರು ನಾಲ್ಕು ಬಚ್ಚಲಿನಲ್ಲಿ ಒಟ್ಟಿಗೆ ಸ್ನಾನ ನಡೆಯುವಲ್ಲಿ ಮಾತ್ರ. ಅಂಥ ಕಡೆಯೂ ಒಂದು ದೊಡ್ಡ ಗೀಸರಿನಿಂದ ಎಲ್ಲಾ ಕೋಣೆಗೆ ಎಳೆಯುವ ಬದಲು ಕೋಣೆಗೊಂದು 15 ಲೀಟರಿನದು ಇಡುವುದೇ ಸಾಮಾನ್ಯವಾಗಿ ಅಗ್ಗ. ಅಡುಗೆಮನೆಯ ಸಿಂಕು ದೂರವಿದ್ದರೆ ಅಲ್ಲಿಗೆ ಮೂರು ಲೀಟರಿನ ಪುಟ್ಟ ಗೀಸರ್ ಸಾಕು. ಎರಡು ಲೋಟ ತೊಳೆಯಲು ಹನ್ನೆರಡು ಮೀಟರ್ ಪೈಪು ಬಿಸಿ ಮಾಡುವುದು ಯಾಕೆ.

ದಾರಿ ಆರಿಸುವಾಗ ಮಳೆಯ ದಿಕ್ಕು ನೋಡಿ. ಇಲ್ಲಿ ಮಳೆ ಬಡಿಯುವುದು ನೈಋತ್ಯದಿಂದ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಪಡುವಣ, ತೆಂಕಣ ಗೋಡೆಗಳು ನೀರು ಕುಡಿದು ನಿಂತಿರುತ್ತವೆ. ಒದ್ದೆ ಗೋಡೆಯೊಳಗೆ ಹೂತ ಬಿಸಿನೀರಿನ ಪೈಪು ಗೋಡೆಯನ್ನು ಕಾಸುತ್ತಾ ಕೂರುತ್ತದೆ. ಒಳಗೋಡೆಯಲ್ಲಿ ತನ್ನಿ, ಇಲ್ಲವೇ ಛಾವಣಿಯ ಕೆಳಗೆ ಒಳಬದಿಯಲ್ಲಿ ತೆರೆದೇ ತನ್ನಿ. ನೋಟಕ್ಕೆ ಅಷ್ಟು ಚೆನ್ನಾಗಿರುವುದಿಲ್ಲ, ಒಪ್ಪುವ ಮಾತು. ಆದರೆ ಹೊದಿಕೆ ಹಾಕಬಹುದು, ಸೋರಿದರೆ ಕಣ್ಣಿಗೆ ಬೀಳುತ್ತದೆ.

ಯಾವ ಪೈಪು

ಪೈಪು ಕೊಳ್ಳುವ ಮೊದಲು ನೀರಿನ ಹುಳಿ ನೋಡಿ. ಮೀನಿನ ತೊಟ್ಟಿಗೆ ಬಳಸುವ ಪಿಎಚ್ ಪಟ್ಟಿ ಸಾಕು. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಮಿತಿ 6.5ರಿಂದ 8.5. ಮಳೆ ಹೆಚ್ಚು ಬೀಳುವ ಕೆಂಪು ಮಣ್ಣಿನ ಗುಡ್ಡದ ಒರತೆ ನೀರು ಮೆದುವಾಗಿರುತ್ತದೆ, ಹಲವು ಕಡೆ ಸ್ವಲ್ಪ ಹುಳಿಯೂ ಇರುತ್ತದೆ. ಮೆದು ನೀರಿನಿಂದ ಒಂದು ಲಾಭ: ಬಯಲುಸೀಮೆಯವರ ಹಾಗೆ ಗೀಸರಿನ ಕಾಯಿಲ್ ಮೇಲೆ ಬಿಳಿ ಗಟ್ಟಿ ಕಟ್ಟುವುದಿಲ್ಲ. ನಷ್ಟ ಲೋಹದ ಪೈಪಿಗೆ. 6.5ಕ್ಕಿಂತ ಕೆಳಗಿದ್ದರೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ ಲೇಪ ಬೇಗ ಕರಗುತ್ತದೆ, ಒಳಗೆ ತುಕ್ಕು ಗಂಟು ಕಟ್ಟಿ ಮುಕ್ಕಾಲಿಂಚಿನ ಪೈಪು ಪೆನ್ಸಿಲ್ ತೂರುವಷ್ಟಾಗುತ್ತದೆ. ಬೆಳಗಿನ ಮೊದಲ ನೀರು ಕಂದು ಬಣ್ಣವಿದ್ದರೆ ಅದೇ ಗುರುತು. ತಾಮ್ರದ ಪೈಪಿದ್ದರೆ ನಲ್ಲಿಯ ಕೆಳಗಿನ ಬಿಳಿ ಟೈಲ್ಸಿನಲ್ಲಿ ನೀಲಿ ಹಸಿರು ಕಲೆ ಏಳುತ್ತದೆ. ಬೋರ್‌ವೆಲ್ ನೀರಿನ ಜಾಯಮಾನ ಬೇರೆ, ಅದನ್ನು ಬೇರೆಯಾಗಿಯೇ ನೋಡಿ.

ಇಂಥ ನೀರಿಗೆ ಪ್ಲಾಸ್ಟಿಕ್ ಒಳ್ಳೆಯದು, ಆದರೆ ಯಾವ ಪ್ಲಾಸ್ಟಿಕ್ ಅನ್ನುವುದು ಮುಖ್ಯ. ಬಿಳಿ ಯುಪಿವಿಸಿ ತಣ್ಣೀರಿಗೆ ಮಾತ್ರ. ಬಿಸಿನೀರು ಹರಿಸಿದರೆ ಮೆತ್ತಗಾಗಿ ಜೋತುಬೀಳುತ್ತದೆ, ಜಾಯಿಂಟು ಕಳಚುತ್ತದೆ. ಒರತೆಯಿಂದ ಟ್ಯಾಂಕಿಗೆ ಎಳೆಯುವ ಕಪ್ಪು ಎಚ್‌ಡಿಪಿಇ ಪೈಪೂ ಹಾಗೆಯೇ. ಅದನ್ನು ಎರಡಡಿ ಆಳಕ್ಕೆ ಹೂಳಿ. ಹಂದಿ ಕೆದಕುತ್ತದೆ, ಆನೆ ತುಳಿದರೆ ಕೇಳುವುದೇ ಬೇಡ.

ಬಿಸಿನೀರಿಗೆ ಉಳಿಯುವುದು ಎರಡು: ತಿಳಿ ಕೆನೆ ಬಣ್ಣದ ಸಿಪಿವಿಸಿ, ಹಸಿರು ಅಥವಾ ಬೂದು ಬಣ್ಣದ ಪಿಪಿಆರ್.

ಸಿಪಿವಿಸಿ ಕೊಳ್ಳುವಾಗ ಪೈಪಿನ ಮೇಲೆ ಐಎಸ್ 15778 ಮತ್ತು ಎಸ್‌ಡಿಆರ್ 11 ಎಂದು ಅಚ್ಚಾಗಿರುವುದನ್ನು ಓದಿ ನೋಡಿ. ಸಂಖ್ಯೆ ಹೆಚ್ಚಿದಷ್ಟೂ ಗೋಡೆ ತೆಳು, 13.5ರದು ತೆಳು ಗೋಡೆಯದು. ಕೋಣೆಯ ಬಿಸಿಯಲ್ಲಿ ಎಸ್‌ಡಿಆರ್ 11 ಪೈಪು ಚದರ ಸೆಂಟಿಮೀಟರಿಗೆ 28 ಕೆಜಿ ಒತ್ತಡ ತಡೆಯುತ್ತದೆ. 82 ಡಿಗ್ರಿಯಲ್ಲಿ ತಡೆಯುವುದು 7 ಕೆಜಿ ಮಾತ್ರ. 93 ಡಿಗ್ರಿ ಅದರ ಮೇಲ್ಮಿತಿ. ಈ ಸಂಖ್ಯೆ ನೆನಪಿರಲಿ, ಹಂಡೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಪಿಪಿಆರ್‌ಗೆ ಅಂಟು ಬೇಡ. 260 ಡಿಗ್ರಿ ಬಿಸಿಯಾದ ಮೆಷಿನ್ನಿನಲ್ಲಿ ಪೈಪು, ಫಿಟಿಂಗ್ ಎರಡನ್ನೂ ಕಾಸಿ ಒತ್ತಿದರೆ ಒಂದೇ ತುಂಡಾಗುತ್ತದೆ. 20 ಮಿಲಿಮೀಟರಿಗೆ ಐದು ಸೆಕೆಂಡ್ ಕಾಸಬೇಕು, 25ಕ್ಕೆ ಏಳು, 32ಕ್ಕೆ ಎಂಟು. ತೆಗೆದ ಮೇಲೆ ನಾಲ್ಕರಿಂದ ಆರು ಸೆಕೆಂಡಿನೊಳಗೆ ನೇರ ಒತ್ತಬೇಕು, ತಿರುಚಬಾರದು. ಹೆಚ್ಚು ಕಾಸಿದರೆ ಕರಗಿದ ಪ್ಲಾಸ್ಟಿಕ್ ಒಳಗೆ ತುಟಿಯ ಹಾಗೆ ಮಡಚಿ ದಾರಿ ಮುಚ್ಚುತ್ತದೆ. ಹೊರಗಿನಿಂದ ಜಾಯಿಂಟು ಚಂದವೇ ಕಾಣುತ್ತದೆ, ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಕಲಿತ ಕೈಗೆ ಪಿಪಿಆರ್ ಬಹಳ ಒಳ್ಳೆಯದು, ಅದರಲ್ಲೂ ಮಳೆಗಾಲದ ಕೆಲಸಕ್ಕೆ. ಮುಂದೆ ರಿಪೇರಿಗೆ ಮೆಷಿನ್ ಇರುವ ಪ್ಲಂಬರ್ ಹತ್ತಿರದಲ್ಲಿ ಸಿಗುತ್ತಾನೆಯೇ ಎಂದು ವಿಚಾರಿಸಿಕೊಂಡೇ ಹಾಕಿಸಿ. ಒಳತೋಟದ ಮನೆಗಳಿಗೆ ಇದೇ ಕಾರಣಕ್ಕೆ ಸಿಪಿವಿಸಿ ವಾಸಿ.

ಎರಡೂ ಬಿಸಿಗೆ ಹಿಗ್ಗುತ್ತವೆ. ತಾರಸಿಯ ಮೇಲೆ ಎಂಟು ಮೀಟರ್ ನೇರ ಲೈನು 15 ಡಿಗ್ರಿಯಿಂದ 60ಕ್ಕೆ ಏರಿದಾಗ ಸಿಪಿವಿಸಿ ಎರಡು ಸೆಂಟಿಮೀಟರಿಗೂ ಮೇಲೆ ಉದ್ದವಾಗುತ್ತದೆ, ಪಿಪಿಆರ್ ಐದರಷ್ಟು. ಎರಡು ತುದಿಯನ್ನೂ ಗಾರೆಯಲ್ಲಿ ಹಿಡಿದಿಟ್ಟಿದ್ದರೆ ಪೈಪು ಬಿಲ್ಲಿನ ಹಾಗೆ ಬಾಗುತ್ತದೆ, ಕೊನೆಗೆ ಎಲ್ಬೊ ಸೀಳುತ್ತದೆ. ನಡುವೆ ಒಂದು ಕಡೆ ಲೈನನ್ನು ಎರಡು ಎಲ್ಬೊ ಕೊಟ್ಟು ಪಕ್ಕಕ್ಕೆ ಸರಿಸಿ. ಮೂರಡಿಗೊಂದು ಕ್ಲಾಂಪು ಇರಲಿ, ಪೈಪು ಜಾರುವಷ್ಟು ಸಡಿಲ ಇರಲಿ.

ಸಿಪಿವಿಸಿ ಜಾಯಿಂಟು

ಸೋರುವ ಸಿಪಿವಿಸಿಯಲ್ಲಿ ಪೈಪಿನ ತಪ್ಪು ಕಡಿಮೆ, ಜಾಯಿಂಟು ಮಾಡಿದವರ ಆತುರ ಹೆಚ್ಚು. ಪೈಪನ್ನು ಕಟ್ಟರಿನಲ್ಲಿ ನೇರ ಕತ್ತರಿಸಿ. ಆಕ್ಸಾ ಬ್ಲೇಡಾದರೆ ತುದಿಯ ಜುಂಗು ಒಳಗೂ ಹೊರಗೂ ತೆಗೆಯಿರಿ. ಹೊರ ಅಂಚನ್ನು ಅರದಿಂದ ಸ್ವಲ್ಪ ಓರೆ ಮಾಡಿ, ಇಲ್ಲದಿದ್ದರೆ ಫಿಟಿಂಗಿಗೆ ತೂರಿಸುವಾಗ ಆ ಅಂಚೇ ಅಂಟನ್ನು ಬಳಿದು ಒಳಗೆ ತಳ್ಳುತ್ತದೆ. ಅಂಟಿಲ್ಲದೆ ಒಮ್ಮೆ ತೂರಿಸಿ ನೋಡಿ: ಫಿಟಿಂಗಿನ ಆಳದ ಮೂರನೇ ಒಂದರಿಂದ ಮೂರನೇ ಎರಡರವರೆಗೆ ಹೋಗಿ ಬಿಗಿಯಾಗಬೇಕು. ಕೊನೆವರೆಗೂ ಸಲೀಸಾಗಿ ಹೋದರೆ ಆ ಪೈಪು ಆ ಫಿಟಿಂಗಿಗೆ ಸೇರಿದ್ದಲ್ಲ.

ಆಮೇಲೆ ಒಣ ಬಟ್ಟೆಯಲ್ಲಿ ಎರಡನ್ನೂ ಒರೆಸಿ. ಕಕ್ಕಡದ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಒರೆಸಿದ ಮೇಲೂ ಪೈಪಿನ ಮೇಲೆ ಕೈಬೆರಳು ಎಳೆದರೆ ಗೆರೆ ಮೂಡುತ್ತದೆ, ಅಷ್ಟು ತೇವ ಗಾಳಿಯಲ್ಲೇ ಇರುತ್ತದೆ. ಆಗ ಹೇರ್ ಡ್ರೈಯರ್ ಹಿಡಿದು ಒಣಗಿಸಿ, ತಣಿಯಲು ಬಿಡಿ. ಸಿಪಿವಿಸಿಯದ್ದೇ ಅಂಟು ಬಳಸಿ, ಪಿವಿಸಿ ಅಂಟಿನ ಡಬ್ಬ ಅಲ್ಲ. ಪೈಪಿಗೆ ಧಾರಾಳ, ಫಿಟಿಂಗಿನ ಒಳಗೆ ತೆಳ್ಳಗೆ. ತೂರಿಸುತ್ತಾ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಬಿಡದೆ ಹಿಡಿಯಿರಿ, ಇಲ್ಲದಿದ್ದರೆ ಪೈಪು ತಾನೇ ಹಿಂದಕ್ಕೆ ಸರಿಯುತ್ತದೆ. ಸುತ್ತಲೂ ಅಂಟಿನ ತೆಳು ಮಣಿಸಾಲು ಕಾಣಬೇಕು. ಒಂದು ಕಡೆ ತುಂಡಾಗಿದ್ದರೆ ಆ ಕಡೆ ಅಂಟು ಸಾಲದು. ಬೇಸಿಗೆಯಲ್ಲಿ ಬೇಗ ನೀರು ಬಿಡಬಹುದು. ಮಳೆಗಾಲದಲ್ಲಿ ಒಂದು ಇಡೀ ದಿನ ಕಾಯಿರಿ.

ನಲ್ಲಿ ಕೂರಿಸುವ ಕಡೆ ಒಳಗೆ ಹಿತ್ತಾಳೆಯ ತಿರುಪು ಇರುವ ಫಿಟಿಂಗೇ ಬೇಕು, ಸುತ್ತಲು ಟೆಫ್ಲಾನ್ ಟೇಪು. ಜಿಐ ಕೆಲಸದಲ್ಲಿ ಕೈ ಪಳಗಿದವರು ಅಭ್ಯಾಸಬಲದಿಂದ ನಾರಿಗೆ ಎಣ್ಣೆ ಬಣ್ಣ ಹಚ್ಚಿ ಸುತ್ತುತ್ತಾರೆ. ಎಣ್ಣೆ, ಸೀಮೆಎಣ್ಣೆ, ಥಿನ್ನರ್ ಸಿಪಿವಿಸಿಗೆ ಆಗದು. ಅಂದು ಏನೂ ಆಗುವುದಿಲ್ಲ, ತಿಂಗಳುಗಳ ನಂತರ ಕೂದಲೆಳೆಯ ಬಿರುಕು ಬಿಡುತ್ತದೆ.

ಗಾರೆ ಮುಚ್ಚುವ ಮೊದಲು ಲೈನಿಗೆ ನೀರು ತುಂಬಿ, ಗಾಳಿ ಪೂರ್ತಿ ಹೊರಬಿಟ್ಟು, ಕೈಪಂಪಿನಲ್ಲಿ 10 ಕೆಜಿ ಒತ್ತಡಕ್ಕೆ ಏರಿಸಿ ಒಂದು ಗಂಟೆ ಬಿಡಿ. ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯಬಾರದು. ಗೀಸರ್, ಸೋಲಾರ್ ಟ್ಯಾಂಕನ್ನು ಈ ಪರೀಕ್ಷೆಗೆ ಜೋಡಿಸಿರಬಾರದು.

ಹಂಡೆ ಮತ್ತು ಸೌದೆ ಬಾಯ್ಲರ್

ಕರೆಂಟು ಮೂರು ದಿನ ಬಾರದ ಮಳೆಗಾಲದಲ್ಲಿ ಕೈ ಹಿಡಿಯುವುದು ಸೌದೆಯೇ. 100 ಲೀಟರ್ ನೀರನ್ನು 40 ಡಿಗ್ರಿ ಏರಿಸಲು 4,000 ಕಿಲೊಕ್ಯಾಲರಿ ಬೇಕು. ಚೆನ್ನಾಗಿ ಒಣಗಿದ ಒಂದು ಕೆಜಿ ಸೌದೆಯಲ್ಲಿ ಸುಮಾರು 3,500 ಇರುತ್ತದೆ, ಹಸಿಯಲ್ಲಿ 2,000ದ ಆಸುಪಾಸು. ತೆರೆದ ಒಲೆಯ ಮೇಲಿನ ಹಂಡೆಗೆ ಆ ಬಿಸಿಯಲ್ಲಿ ಏಳನೇ ಒಂದು ಪಾಲು ಸಿಕ್ಕಿದರೆ ಹೆಚ್ಚು. ಅಂದರೆ ಕನಿಷ್ಠ ಎಂಟು ಕೆಜಿ ಒಣ ಸೌದೆ. ನಡುವೆ ಹೊಗೆ ಕೊಳವೆ ಇದ್ದು ಸುತ್ತಲೂ ನೀರಿರುವ ಬಾಯ್ಲರಿನಲ್ಲಿ ಅದೇ ಕೆಲಸ ಎರಡೂವರೆ, ಮೂರು ಕೆಜಿಯಲ್ಲಿ ಮುಗಿಯುತ್ತದೆ. ಹಂಡೆಯನ್ನೇ ಉಳಿಸಿಕೊಳ್ಳುವವರು ಒಲೆಗೆ ಕಬ್ಬಿಣದ ಜಾಲರಿ ಇಟ್ಟು ಗಾಳಿ ಕೆಳಗಿನಿಂದ ಬರುವಂತೆ ಮಾಡಿ, ಬಾಯಿಗೆ ತಗಡಿನ ಬಾಗಿಲು ಹಾಕಿ. ಉರಿ ಹಿಡಿದ ಮೇಲೆ ಬಾಗಿಲು ಮುಕ್ಕಾಲು ಮುಚ್ಚಿದರೆ ಬೆಂಕಿ ಚಿಮಣಿಗೆ ಓಡಿಹೋಗುವುದಿಲ್ಲ.

ಮರಗಸಿಯ, ಅಂದರೆ ತೋಟದ ನೆರಳು ಮರ ಸವರಿದಾಗ ಸಿಕ್ಕ ಸಿಲ್ವರ್ ಓಕ್ ರೆಂಬೆ, ತೆಗೆದ ಕಾಫಿ ಗಿಡದ ಕಾಂಡ ಯಾವುದೇ ಆಗಲಿ, ಒಣಗಿದೆಯೇ ಎಂದು ತಿಳಿಯಲು ಎರಡು ತುಂಡನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದ್ದು ದಪ್ ಎನ್ನುತ್ತದೆ. ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು. ಈ ವರ್ಷದ ಮೇ ತಿಂಗಳಲ್ಲಿ ಕಡಿದದ್ದು ಈ ಮಳೆಗೆ ಬಾರದು, ಮುಂದಿನ ಮಳೆಗೆ. ಹೊಗೆ ಕೊಳವೆಯ ಮಸಿ ತಿಂಗಳಿಗೊಮ್ಮೆ ಬ್ರಶ್ಶಿನಿಂದ ಕೆರೆಯಿರಿ. ಮಸಿಯ ಪದರ ಎಂದರೆ ಬೆಂಕಿಯ ಬಿಸಿಯು ನೀರಿಗೆ ತಾಗದಂತೆ ಕಂಬಳಿ ಹೊದಿಸಿದ ಹಾಗೆ.

ಬಾಯ್ಲರಿಗೆ ಪೈಪು ಜೋಡಿಸುವಾಗ ಆಗುವ ತಪ್ಪುಗಳು ಜೀವಕ್ಕೇ ಎರವಾಗಬಹುದು. ಗೀಸರಿಗೆ ಥರ್ಮೋಸ್ಟಾಟ್ ಇದೆ, ಸೌದೆಗೆ ಇಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ನೀರು 96 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಹಾಗಿದ್ದರೂ ಅದು ಸಿಪಿವಿಸಿಯ 93 ಡಿಗ್ರಿ ಮಿತಿಗಿಂತ ಮೇಲೆ. ಆದ್ದರಿಂದ ಬಾಯ್ಲರಿನಿಂದ ಹೊರಡುವ ಮೊದಲ ಒಂದೂವರೆ ಮೀಟರ್ ಲೋಹದ್ದೇ ಇರಲಿ. ತಾಮ್ರದ ಬಾಯ್ಲರಿಗೆ ಜಿಐ ನೇರ ಸೇರಿಸಿದರೆ ಸೇರಿದ ಕಡೆಯೇ ತಿಂದುಹೋಗುತ್ತದೆ, ನಡುವೆ ಹಿತ್ತಾಳೆಯ ಯೂನಿಯನ್ ಕೊಡಿ. ಇನ್ನೂ ಒಳ್ಳೆಯದೆಂದರೆ ಆ ತುಂಡನ್ನೂ ತಾಮ್ರದ್ದೇ ಹಾಕುವುದು. ತಣ್ಣೀರು ಒಳಬರುವ ಪೈಪಿನ ಕೊನೆಯ ಒಂದು ಮೀಟರಿಗೂ ಇದೇ ನಿಯಮ, ಬಿಸಿ ಹಿಂದಕ್ಕೂ ಹತ್ತುತ್ತದೆ.

ಬಾಯ್ಲರಿನ ನೆತ್ತಿಯಿಂದ ಮುಕ್ಕಾಲಿಂಚಿನ ಗಾಳಿ ಕೊಳವೆ ನೇರ ಮೇಲಕ್ಕೆ ಹೋಗಿ ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದಡಿ ಮೇಲೆ ತೆರೆದುಕೊಳ್ಳಬೇಕು. ಈ ಕೊಳವೆಯಲ್ಲಿ ಯಾವ ವಾಲ್ವೂ ಇರಕೂಡದು, ಇದರ ಬಾಯಿಯನ್ನು ಯಾರೂ ಯಾವ ಕಾರಣಕ್ಕೂ ಮುಚ್ಚಕೂಡದು. ಕಣಜ ಗೂಡು ಕಟ್ಟುತ್ತದೆ ಎಂದು ಮರದ ಬೆಣೆ ಬಡಿದ ಕೊಳವೆ ಎಂದರೆ ಬಚ್ಚಲಿನಲ್ಲಿಟ್ಟ ಬಾಂಬು. ತುದಿಯನ್ನು ಕೆಳಮುಖ ಬಾಗಿಸಿ ಸ್ಟೀಲ್ ಜಾಲರಿ ಕಟ್ಟಿದರೆ ಸಾಕು. ಬೆಂಕಿ ಹಚ್ಚುವ ಮೊದಲು ಬಿಸಿನೀರಿನ ನಲ್ಲಿ ತೆರೆದು ನೀರು ಬರುವುದನ್ನು ನೋಡಿಯೇ ಕಡ್ಡಿ ಗೀರಿ. ಖಾಲಿ ಬಾಯ್ಲರಿಗೆ ಉರಿ ಕೊಟ್ಟರೆ ಬೆಸುಗೆ ಬಿಡುತ್ತದೆ.

ಸೋಲಾರಿನ ಜೊತೆ ಗೀಸರ್

ಮಳೆ ಶುರುವಾದ ಕೂಡಲೇ ಸೋಲಾರನ್ನು ಬೈಪಾಸ್ ಮಾಡಿ ಗೀಸರಿಗೆ ನೇರ ತಣ್ಣೀರು ಕೊಡುವುದು ವಾಡಿಕೆ. ಅದಕ್ಕಿಂತ ಸೋಲಾರಿನ ನೀರೇ ಗೀಸರಿಗೆ ಹೋಗಲಿ. ಮೋಡದ ನಡುವೆ ಎರಡು ಗಂಟೆ ಬೆಳಕು ಬಿದ್ದು ನೀರು 18ರಿಂದ 30 ಡಿಗ್ರಿಗೆ ಏರಿದರೂ, 42ಕ್ಕೆ ಮುಟ್ಟಿಸುವ ಕೆಲಸದಲ್ಲಿ ಅರ್ಧ ಆಗಿಯೇ ಹೋಯಿತು. ಉಳಿದರ್ಧಕ್ಕೆ ಮಾತ್ರ ಗೀಸರ್ ಉರಿಯುತ್ತದೆ. ಬಿಸಿಲುಗಾಲದಲ್ಲಿ ಸೋಲಾರ್ ನೀರು 70 ಡಿಗ್ರಿ ದಾಟಬಹುದು, ಗೀಸರಿನ ಒಳಹರಿವಿಗೆ ಅಷ್ಟು ಬಿಸಿ ಆಗುತ್ತದೆಯೇ ಎಂದು ಅದರ ಪುಸ್ತಿಕೆಯಲ್ಲಿ ನೋಡಿ. ಆಗದಿದ್ದರೆ ಆ ತಿಂಗಳುಗಳಲ್ಲಿ ನೀರು ಗೀಸರಿನೊಳಗೆ ಹೋಗದೆ ಪಕ್ಕದಿಂದ ಸುತ್ತಿ ಹೋಗಲು ಮೂರು ವಾಲ್ವಿನ ದಾರಿ ಇಡಿ. 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳು ಮುದುಕರಿರುವ ಮನೆಗೆ ತಣ್ಣೀರು ಬೆರೆಸಿ ಬಿಸಿ ಹದ ಮಾಡುವ ಮಿಕ್ಸಿಂಗ್ ವಾಲ್ವ್ ಬೇಕು.

ಸೋಲಾರ್ ತೆಂಕು ಮುಖವಾಗಿ, ಸುಮಾರು 25 ಡಿಗ್ರಿ ಓರೆಯಾಗಿರಲಿ. ಇಲ್ಲಿಯ ಅಕ್ಷಾಂಶ ಹನ್ನೆರಡೂವರೆ, ಅದಕ್ಕೆ ಇನ್ನಷ್ಟು ಸೇರಿಸುವುದು ಚಳಿಗಾಲದ ತಗ್ಗು ಬಿಸಿಲಿಗಾಗಿ. ಪ್ರೆಶರ್ ಪಂಪಿನ ಲೈನನ್ನು ಸಾಮಾನ್ಯ ಸೋಲಾರ್ ಟ್ಯಾಂಕಿಗೆ ಕೊಡಬೇಡಿ, ಅದು ಒತ್ತಡಕ್ಕೆ ಮಾಡಿದ್ದಲ್ಲ. ಗಾಜಿನ ಕೊಳವೆಯದಾದರೆ ಖಾಲಿ ಟ್ಯಾಂಕಿಗೆ ನೀರು ತುಂಬುವುದು ಬಿಸಿಲೇರುವ ಮೊದಲೇ, ಕಾದ ಗಾಜಿಗೆ ತಣ್ಣೀರು ಬಿದ್ದರೆ ಒಡೆಯುತ್ತದೆ.

ಗೀಸರ್ ಬೇಗ ಕಾಯುತ್ತಿಲ್ಲ ಎಂದಾಗ ಕಾಯಿಲ್ ಬದಲಿಸುವ ಮೊದಲು ವೋಲ್ಟೇಜ್ ನೋಡಿ. ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 230 ವೋಲ್ಟಿನಲ್ಲಿ 2 ಕಿಲೋವ್ಯಾಟ್ ಕೊಡುವುದು 180ರಲ್ಲಿ ಕೊಡುವುದು 1.2 ಮಾತ್ರ. 25 ಲೀಟರ್ ನೀರು 30 ಡಿಗ್ರಿ ಏರಲು ಇಪ್ಪತ್ತಾರು ನಿಮಿಷದ ಬದಲು ನಲವತ್ಮೂರು ನಿಮಿಷ ಬೇಕು. ಗೀಸರಿನ ತಪ್ಪೇನೂ ಇಲ್ಲ. ವೈರು 2.5 ಚದರ ಮಿಲಿಮೀಟರ್ ತಾಮ್ರ, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ತಾನೇ ಕಡಿದುಹೋಗುವ 30 ಮಿಲಿಆಂಪಿನ ಆರ್‌ಸಿಸಿಬಿ ಇವು ಮೂರೂ ಇರಲೇಬೇಕು. ಏಪ್ರಿಲ್, ಮೇ ತಿಂಗಳ ಗುಡುಗಿನ ಹೊತ್ತಿಗೆ ಸ್ವಿಚ್ಚು ಆರಿಸಿ, ಪ್ಲಗ್ ಇದ್ದರೆ ಅದನ್ನೂ ಕಿತ್ತಿಡಿ.

ಹೊದಿಕೆ

ಮುಕ್ಕಾಲಿಂಚಿನ ಬರಿ ಪೈಪಿನಲ್ಲಿ 60 ಡಿಗ್ರಿಯ ನೀರಿದ್ದು ಹೊರಗೆ 18 ಡಿಗ್ರಿ ಇದ್ದರೆ ಮೀಟರಿಗೆ ಸುಮಾರು 30 ವ್ಯಾಟ್ ಬಿಸಿ ಹೊರಹೋಗುತ್ತದೆ, ಗಾಳಿ ಬೀಸಿದರೆ ಇನ್ನೂ ಹೆಚ್ಚು. 13 ಮಿಲಿಮೀಟರ್ ದಪ್ಪದ ರಬ್ಬರ್ ಫೋಮ್ ಕೊಳವೆ ಹಾಕಿದರೆ ಅದು ಹತ್ತಕ್ಕೆ ಇಳಿಯುತ್ತದೆ. ತಾರಸಿಯ ಮೇಲೆ 19 ಮಿಲಿಮೀಟರಿನದು ಹಾಕಿ. ಅಂಗಡಿಯಲ್ಲಿ ಸಿಪಿವಿಸಿಗೆ ಆಗುವಂಥದ್ದು ಎಂದು ಬರೆದಿರುವುದನ್ನೇ ಕೇಳಿ, ಕೆಲವು ಅಗ್ಗದ ಫೋಮುಗಳಿಂದ ಇಳಿಯುವ ಎಣ್ಣೆಯಂಥ ಪದಾರ್ಥ ಪೈಪನ್ನು ಕೆಡಿಸುತ್ತದೆ.

ಸೀಳಿದ ಬಾಯಿ ಕೆಳಮುಖವಾಗಿರಲಿ, ಪೂರ್ತಿ ಅಂಟಿಸಿ. ಎಲ್ಬೊ, ಟೀ ಬಿಟ್ಟು ನೇರ ಪೈಪಿಗಷ್ಟೇ ಹೊದಿಸುವುದು ಎಲ್ಲರೂ ಮಾಡುವ ಅರೆಬರೆ ಕೆಲಸ; ಮಳೆನೀರು ಆ ಸಂದಿಗಳಿಂದಲೇ ಒಳಗಿಳಿದು ಹೊದಿಕೆಗೂ ಪೈಪಿಗೂ ನಡುವೆ ಓಡಾಡುತ್ತದೆ. ಒದ್ದೆ ಹೊದಿಕೆ ಇದ್ದೂ ಇಲ್ಲದ ಹಾಗೆ. ಬಿಸಿಲಿಗೆ ಬರಿ ಫೋಮ್ ಎರಡು ಮೂರು ವರ್ಷದಲ್ಲಿ ಪುಡಿಯಾಗುತ್ತದೆ, ಇಲಿ ಅಳಿಲು ಗೂಡಿಗೆಂದು ಕಿತ್ತೊಯ್ಯುತ್ತವೆ. ಎರಡಕ್ಕೂ ಒಂದೇ ಉಪಾಯ: ಹೊರಗಿನ ಲೈನಿಗೆ ಎರಡು ಅಥವಾ ಎರಡೂವರೆ ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಫೋಮಿನ ಮೇಲೆ ಚಿಪ್ಪಿನ ಹಾಗೆ ಕೂರಿಸಿ, ಎರಡಡಿಗೊಂದು ಸ್ಟೀಲ್ ತಂತಿ ಬಿಗಿಯಿರಿ. ಸೀಳು ಇಲ್ಲಿಯೂ ಕೆಳಮುಖ.

ಮೇ ತಿಂಗಳ ಕೊನೆಗೆ ಅರ್ಧ ದಿನದ ಕೆಲಸ ಇಟ್ಟುಕೊಳ್ಳಿ. ಟ್ಯಾಂಕಿನಿಂದ ಹೊರಡುವ ಲೈನಿನ ವೈ ಸ್ಟ್ರೈನರಿನ (ಕಸ ಸೋಸುವ ತುಂಡಿನ) ಜಾಲರಿ ತೊಳೆಯಿರಿ, ಮೊದಲ ಮಳೆಯ ಕೆಸರು ನಿಲ್ಲುವುದು ಅಲ್ಲೇ. ಗೀಸರಿನ ಸೇಫ್ಟಿ ವಾಲ್ವಿನ ಸನ್ನೆ ಎತ್ತಿ ನೀರು ಚಿಮ್ಮುತ್ತದೆಯೇ ನೋಡಿ. ಕರೆಂಟು ತೆಗೆದು, ನೀರು ಇಳಿಸಿ, ಒಳಗಿನ ಮೆಗ್ನೀಸಿಯಂ ಕಡ್ಡಿ ಹೊರತೆಗೆಯಿರಿ. ಹುಳಿ ನೀರಿನಲ್ಲಿ ಅದು ಬೇಗ ಸವೆಯುತ್ತದೆ. ನಡುವಿನ ತಂತಿ ಕಾಣಿಸಿಕೊಂಡಿದ್ದರೆ ಅಂದೇ ಬದಲಿಸಿ, ಕಡ್ಡಿ ಮುಗಿದ ಮೇಲೆ ನೀರು ತಿನ್ನಲು ಶುರುಮಾಡುವುದು ಟ್ಯಾಂಕನ್ನು.